ಪೆಟ್ಟಿಗೆಯೊಳಗಿನ ಬಿಸಿಲು

ಕೆಂಚ ನಮ್ಮ ಮನೆಗೆ ಬಂದದ್ದು ನವೆಂಬರ್ ತಿಂಗಳ ಒಂದು ಮಳೆಯ ಸಂಜೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮ ಬೀದಿಯಲ್ಲೇ ಇದ್ದ ಕುಟುಂಬವೊಂದು ಬೇರೆ ದೇಶಕ್ಕೆ ಹೊರಟು ನಿಂತಾಗ, ತಾವು ಮೂರು ವರ್ಷ ಸಾಕಿದ್ದ ಬಿಯರ್ಡೆಡ್ ಡ್ರ್ಯಾಗನ್ ಅನ್ನು ಯಾರಾದರೂ ಇಟ್ಟುಕೊಳ್ಳುವಿರಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗಳು ಒಪ್ಪಿಕೊಂಡುಬಿಟ್ಟಿದ್ದಳು. ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿಯಲ್ಲಿ ಬದುಕುವ ಈ ಪ್ರಾಣಿಯನ್ನು ಕನ್ನಡದಲ್ಲಿ ಗಡ್ಡದ ಓತಿ ಎನ್ನಬಹುದು. ನಮ್ಮ ಬೇಲಿಗಳ ಮೇಲೆ ತಲೆಯಾಡಿಸುತ್ತ ಕೂರುವ ಓತಿಕ್ಯಾತನ ಕುಟುಂಬಕ್ಕೇ ಇದೂ ಸೇರಿದ್ದು. ಗದ್ದದ ಕೆಳಗಿನ ಮುಳ್ಳುಮುಳ್ಳಾದ ಚರ್ಮವನ್ನು ಸಿಟ್ಟು ಬಂದಾಗ ಉಬ್ಬಿಸಿ ಕಪ್ಪಗಾಗಿಸಿಕೊಳ್ಳುತ್ತದೆ. ಮೈಬಣ್ಣ ನಮ್ಮ ಕೋಲಾರದ ಕೆಮ್ಮಣ್ಣಿನಂತಿದ್ದುದರಿಂದ, ಊರಿನಲ್ಲಿ ಎತ್ತಿಗೆ ಇಡುತ್ತಿದ್ದ ಹೆಸರನ್ನೇ ಅದಕ್ಕೂ ಇಟ್ಟೆವು.

ಅದರ ಜೊತೆಗೆ ಬಂದ ಸಾಮಾನುಗಳನ್ನು ಈಗ ನೆನೆಸಿಕೊಂಡರೆ ಹೊಟ್ಟೆ ಕಿವುಚಿದಂತಾಗುತ್ತದೆ. ಮೂರು ಅಡಿ ಉದ್ದದ ಗಾಜಿನ ತೊಟ್ಟಿ; ಹಗಲೂ ರಾತ್ರಿಯೂ ಉರಿಯುತ್ತಿದ್ದ ಒಂದು ಕೆಂಪು ಬಲ್ಬು; ತೊಟ್ಟಿಯ ಅಡಿಗೆ ಹಾಸಿದ್ದ ಬಿಸಿಚಾಪೆ; ಗಾಜಿನ ಮುಚ್ಚಳದ ಮೇಲೆ, ಅಂದರೆ ಗಾಜಿನ ಆಚೆ ಬದಿಗೆ, ಮಲಗಿಸಿಟ್ಟಿದ್ದ ಸುರುಳಿಯಾಕಾರದ ನೇರಳಾತೀತ ದೀಪ; ಒಳಗೋಡೆಗೆ ಅಂಟಿಸಿದ್ದ, 27 ಡಿಗ್ರಿ ತೋರಿಸುತ್ತಿದ್ದ ಗುಂಡು ಮುಖದ ತಾಪಮಾಪಕ. ಅಂಗಡಿಯವರು ಹೇಳಿದ್ದನ್ನೆಲ್ಲ ಆ ಕುಟುಂಬ ಕೊಂಡು ತಂದಿತ್ತು, ಒಂದನ್ನೂ ಬಿಟ್ಟಿರಲಿಲ್ಲ. ಅವರು ಪ್ರಾಣಿಯನ್ನು ಪ್ರೀತಿಸುತ್ತಿದ್ದುದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಆದರೂ ಕೆಂಚ ಹೊಟ್ಟೆಯನ್ನು ನೆಲದಿಂದ ಮೇಲೆತ್ತಿ ನಡೆಯುತ್ತಿರಲಿಲ್ಲ, ಎಳೆದುಕೊಂಡು ಹೋಗುತ್ತಿತ್ತು. ಮಿಡತೆಯನ್ನು ಹಿಡಿಯಲು ಹೊರಟು ನಡುವೆಯೇ ನಿಂತುಬಿಡುತ್ತಿತ್ತು. ಎರಡನೆಯ ವಾರದಲ್ಲಿ ಮಗಳು ಅದನ್ನು ಅಂಗೈಯಲ್ಲಿಟ್ಟುಕೊಂಡು, "ಅಪ್ಪಾ, ಇದರ ಬೆರಳು ತಾನಾಗಿಯೇ ನಡುಗ್ತಾ ಇದೆ, ನೋಡಿ" ಎಂದು ಕರೆದಳು. ಚಳಿಗೆ ನಡುಗುತ್ತಿರಬೇಕು ಎಂದು ನಾನು ಅಂದುಕೊಂಡೆ. ಹಲ್ಲಿಗಳು ಮನುಷ್ಯರ ಹಾಗೆ ಚಳಿಗೆ ನಡುಗುವುದಿಲ್ಲ ಎಂಬುದೂ ಆಗ ನನಗೆ ತಿಳಿದಿರಲಿಲ್ಲ.

ಪಶುವೈದ್ಯೆ ಎಕ್ಸ್-ರೇ ತೆಗೆದು ಪರದೆಯ ಮೇಲೆ ತೋರಿಸಿದರು. ಎಲುಬುಗಳು ಎದ್ದು ಕಾಣಬೇಕಾದ ಜಾಗದಲ್ಲಿ ಮಂಜಿನೊಳಗಿನ ಬೇಲಿಯಂಥ ಗೆರೆಗಳಿದ್ದವು. ಮುಂಗಾಲಿನ ಒಂದು ಮೂಳೆ ಹಿಂದೆಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಕೆಳದವಡೆಯನ್ನು ಬೆರಳಿನಿಂದ ಮೆತ್ತಗೆ ಒತ್ತಿದರೆ ರಬ್ಬರಿನಂತೆ ಬಾಗುತ್ತಿತ್ತು. ಮೂಳೆ ಸವೆತದ ಈ ಕಾಯಿಲೆ, ಸಾಕಿದ ಸರೀಸೃಪಗಳಲ್ಲಿ ವೈದ್ಯರು ಪದೇ ಪದೇ ನೋಡುವಂಥದ್ದಂತೆ. ಏನು ತಿನ್ನಿಸುತ್ತೀರಿ ಎಂದು ಅವರು ಮೊದಲು ಕೇಳಿಯಾರು ಎಂದು ನಾನು ನಿರೀಕ್ಷಿಸಿದ್ದೆ. ಅವರು ಕೇಳಿದ್ದು ಬೇರೆ: ಅದು ಮೈಕಾಯಿಸಿಕೊಳ್ಳುವ ಕಲ್ಲಿನ ಮೇಲ್ಮೈ ಎಷ್ಟು ಡಿಗ್ರಿ ಇರುತ್ತದೆ? ತೊಟ್ಟಿಯ ತಂಪು ತುದಿ ಎಷ್ಟಿರುತ್ತದೆ? ನೇರಳಾತೀತ ದೀಪ ಪ್ರಾಣಿಯ ಬೆನ್ನಿನಿಂದ ಎಷ್ಟು ಎತ್ತರದಲ್ಲಿದೆ, ನಡುವೆ ಏನಿದೆ, ಅದನ್ನು ಹಾಕಿ ಎಷ್ಟು ತಿಂಗಳಾಯಿತು? ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಕ್ಯಾಲ್ಸಿಯಂ ದ್ರವದ ಬಾಟಲಿಯನ್ನು ಕೈಗೆ ಕೊಡುತ್ತ, ಕಾವು ಮತ್ತು ಬೆಳಕು ಸರಿಹೋಗದಿದ್ದರೆ ಈ ಔಷಧಿ ಹೊಟ್ಟೆಯ ಮೂಲಕ ಹಾದುಹೋಗುತ್ತದೆ ಅಷ್ಟೇ ಎಂದರು.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಈ ವಿಷಯ ಬಂತು. ಅಮ್ಮ ಸ್ವಲ್ಪವೂ ಆಶ್ಚರ್ಯಪಡದೆ, "ಬಿಸಿಲು ಕಾಣದ ಕೂಸಿನ ಕಾಲು ಸೊಟ್ಟಗಾಗತ್ತಪ್ಪ, ಅದಕ್ಕೇ ಅಲ್ವಾ ನಿಮ್ಮನ್ನೆಲ್ಲ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಾಕ್ತಾ ಇದ್ದಿದ್ದು" ಎಂದರು. ಅಮ್ಮ ಹೇಳಿದ ಕಾರಣವೂ ವೈದ್ಯೆ ಹೇಳಿದ ಕಾರಣವೂ ಒಂದೇ. ಚರ್ಮದೊಳಗೆ ಇರುವ ಕೊಲೆಸ್ಟ್ರಾಲ್‌ನ ಹತ್ತಿರದ ಸಂಬಂಧಿಯಾದ ಒಂದು ವಸ್ತುವಿನ ಮೇಲೆ, ಸುಮಾರು 290ರಿಂದ 315 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಕಿರಣ, ಎಂದರೆ ಯುವಿಬಿ ಎಂದು ಕರೆಯುವ ಪಟ್ಟಿ, ಬಿದ್ದಾಗ ಅದು ಮುರಿದು ವಿಟಮಿನ್ ಡಿ3ರ ಪೂರ್ವರೂಪವಾಗುತ್ತದೆ. ಆ ಪೂರ್ವರೂಪ ಕಾವಿನಿಂದ ಮರುಜೋಡಣೆಗೊಂಡು ಡಿ3 ಆಗುತ್ತದೆ. ಆಮೇಲೆ ಯಕೃತ್ತು ಒಂದು ಬದಲಾವಣೆಯನ್ನೂ ಮೂತ್ರಪಿಂಡ ಇನ್ನೊಂದನ್ನೂ ಮಾಡಿದ ಬಳಿಕವಷ್ಟೇ ಕರುಳು ಆಹಾರದ ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಿಕೊಳ್ಳಬಲ್ಲದು. ಅದು ನಡೆಯದಾಗ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ. ಹೃದಯ ಮತ್ತು ಸ್ನಾಯುಗಳು ಅದಿಲ್ಲದೆ ಕೆಲಸ ಮಾಡಲಾರವಾದ್ದರಿಂದ, ದೇಹವು ಇದ್ದ ಒಂದೇ ಉಗ್ರಾಣವಾದ ಎಲುಬಿನಿಂದಲೇ ಅದನ್ನು ಕಿತ್ತು ತರುತ್ತದೆ. ಕೆಂಚನ ಬೆರಳಿನ ನಡುಕ, ಆ ಉಗ್ರಾಣವೂ ಬರಿದಾಗುತ್ತ ಬಂದುದರ ಗುರುತಾಗಿತ್ತು.

ಈ ವಿವರಣೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅದರ ನಡುವಿನ ಹೆಜ್ಜೆ. ಬೆಳಕು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ, ಉಳಿದರ್ಧ ಕಾವಿನದು. ನಮ್ಮ ಮೈ ಸದಾ 37 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ನಾವು ಆ ಎರಡನೆಯ ಹೆಜ್ಜೆಯನ್ನು ಗಮನಿಸುವುದೇ ಇಲ್ಲ. ತಣ್ಣಗಿರುವ ಹಲ್ಲಿಯ ಚರ್ಮದಲ್ಲಿ ಅದು ತೀರಾ ನಿಧಾನವಾಗಿ ನಡೆಯುತ್ತದೆ. 1995ರಲ್ಲಿ ವಿಟಮಿನ್ ಡಿ ಸಂಶೋಧಕ ಮೈಕೆಲ್ ಹಾಲಿಕ್ ಮತ್ತು ಅವರ ಸಂಗಡಿಗರು ಇಗುವಾನ ಎಂಬ ಹಲ್ಲಿಯ ಚರ್ಮವನ್ನು ಅಭ್ಯಸಿಸಿ, ಜೀವಕೋಶದ ಪೊರೆಯೇ ಈ ಮರುಜೋಡಣೆಯನ್ನು ತ್ವರೆಗೊಳಿಸುತ್ತದೆ ಎಂದು ತೋರಿಸಿದರು. ಅಂದರೆ ತನ್ನದೇ ಕಾವಿಲ್ಲದ ಪ್ರಾಣಿಯ ಅನುಕೂಲಕ್ಕಾಗಿ ಚರ್ಮವೇ ಒಂದು ಉಪಾಯ ಹೂಡಿಕೊಂಡಿದೆ. ಹಾಗಿದ್ದೂ ತಾಪ ಏರಿದಷ್ಟೂ ಕೆಲಸ ಚುರುಕು. ಕೆಂಚನ ತೊಟ್ಟಿಯಲ್ಲಿ ಕೆಂಪು ಬಲ್ಬು ಒಂದು ತುದಿಗೆ, ನೇರಳಾತೀತ ದೀಪ ಇನ್ನೊಂದು ತುದಿಗೆ ಇದ್ದವು. ಬೆಳಕು ಬೇಕಾದರೆ ಕಾವು ಬಿಡಬೇಕು, ಕಾವು ಬೇಕಾದರೆ ಬೆಳಕು ಬಿಡಬೇಕು. ಬಯಲಿನಲ್ಲಿ ಯಾವ ಹಲ್ಲಿಗೂ ಇಂಥ ಆಯ್ಕೆ ಎದುರಾಗುವುದಿಲ್ಲ, ಏಕೆಂದರೆ ಅಲ್ಲಿ ಎರಡೂ ಒಂದೇ ಸೂರ್ಯನಿಂದ, ಒಂದೇ ಹೊತ್ತಿಗೆ, ಒಂದೇ ಬೆನ್ನಿನ ಮೇಲೆ ಬೀಳುತ್ತವೆ. ನಾವು ಬಿಸಿಲನ್ನು ಒಡೆದು, ಅದರ ಚೂರುಗಳನ್ನು ಬೇರೆ ಬೇರೆ ಡಬ್ಬಗಳಲ್ಲಿ ಕೊಂಡು ತರುತ್ತೇವೆ. ಮತ್ತೆ ಜೋಡಿಸುವ ಹೊಣೆಯೂ ನಮ್ಮದೇ ಎಂಬುದನ್ನು ಯಾವ ಡಬ್ಬದ ಮೇಲೂ ದಪ್ಪಕ್ಷರದಲ್ಲಿ ಬರೆದದ್ದನ್ನು ನಾನು ಕಂಡಿಲ್ಲ.

ಬಿಸಿಲಿನ ಕೊರತೆ ಕೆಂಚನೊಬ್ಬನದೇ ಆಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಲೀಡ್ಸ್ ಇರುವುದು ಭೂಮಧ್ಯರೇಖೆಯಿಂದ ಸುಮಾರು 54 ಡಿಗ್ರಿ ಉತ್ತರಕ್ಕೆ, ಬೆಂಗಳೂರು 13ಕ್ಕೆ. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಎಂಟೂಕಾಲರ ಮೇಲೆ ಹುಟ್ಟಿ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ. ಆ ಓರೆ ಬಿಸಿಲಿನಲ್ಲಿ ಯುವಿಬಿ ಎನ್ನುವುದು ಇಲ್ಲವೆನ್ನುವಷ್ಟು ಕಡಿಮೆ. ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗೆ ಪ್ರತಿಯೊಬ್ಬರೂ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುವುದು ಒಳ್ಳೆಯದೆಂದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಸಲಹೆ ಕೊಡುತ್ತದೆ; ನಮ್ಮಂಥ ಕಂದುಮೈಯವರಿಗೆ ವರ್ಷವಿಡೀ ಅದು ಬೇಕಾಗಬಹುದೆನ್ನುತ್ತದೆ. ಇಲ್ಲಿಗೆ ಬಂದ ಎರಡನೆಯ ಚಳಿಗಾಲದಲ್ಲಿ ನನಗೂ ಸೊಂಟ, ಮೊಣಕಾಲು ನೋವು ಬಂದು, ರಕ್ತಪರೀಕ್ಷೆ ಮಾಡಿಸಿ, ಮಾತ್ರೆ ನುಂಗಿ ಸುಧಾರಿಸಿಕೊಂಡಿದ್ದೆ. ಹಾಗೆಂದು ಕೆಂಚನಿಗೂ ಡಿ3 ಪುಡಿಯನ್ನು ಸೊಪ್ಪಿನ ಮೇಲೆ ಉದುರಿಸಿದರೆ ಸಾಲದೇ ಎಂದು ನಾನು ಕೇಳದಿರಲಿಲ್ಲ. ನೆದರ್ಲೆಂಡ್ಸ್‌ನ ಸಂಶೋಧಕರು ಗಡ್ಡದ ಓತಿಯ ಮರಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ನೇರ ಉತ್ತರ ಕೊಡುತ್ತದೆ: ಬಾಯಿಯ ಮೂಲಕ ಡಿ3 ಪಡೆದ ಮರಿಗಳಿಗಿಂತ, ದಿನಕ್ಕೆ ಎರಡು ತಾಸು ಯುವಿಬಿ ಬೆಳಕು ಪಡೆದ ಮರಿಗಳ ರಕ್ತದಲ್ಲಿ ಆ ವಿಟಮಿನ್ನಿನ ಮಟ್ಟ ಎಷ್ಟೋ ಪಟ್ಟು ಹೆಚ್ಚಿತ್ತು. ಪುಡಿ ಅತಿಯಾದರೆ ವಿಷವೂ ಹೌದು. ಬಿಸಿಲಿನಿಂದ ಆ ಭಯವಿಲ್ಲ, ಏಕೆಂದರೆ ಚರ್ಮದಲ್ಲಿ ಹೆಚ್ಚಾದದ್ದನ್ನು ಅದೇ ಬೆಳಕು ಮತ್ತೆ ಮುರಿದು ನಿರುಪಯುಕ್ತ ವಸ್ತುಗಳನ್ನಾಗಿಸುತ್ತದೆ.

ಇನ್ನು ಕಾವಿನ ವಿಚಾರ. ಶಾಲೆಯಲ್ಲಿ ನಾವು "ಶೀತರಕ್ತ ಪ್ರಾಣಿ" ಎಂದು ಕಲಿತೆವು. ಆ ಪದವೇ ದಾರಿ ತಪ್ಪಿಸುವಂಥದ್ದು ಎಂದು ನನಗೆ ಈಗ ಅನ್ನಿಸುತ್ತದೆ. ರಾಮನಗರದ ಬಂಡೆಗಳ ಮೇಲೆ ಅಥವಾ ನಂದಿಬೆಟ್ಟದಲ್ಲಿ ಬೇಸಿಗೆಯ ಹತ್ತು ಗಂಟೆಯ ಬಿಸಿಲಿಗೆ ಕೂತ ಬಂಡೆ ಓತಿಯನ್ನು ನೋಡಿದವರಿಗೆ, ಮೇಲೆ ಕೆಂಡದ ಕೆಂಪು, ಪಕ್ಕೆಗೆ ಕಪ್ಪು ಬಳಿದುಕೊಂಡ ಆ ಗಂಡಿನ ಮೈಯಲ್ಲಿ ಶೀತವೆಂಬುದು ಎಲ್ಲೂ ಇಲ್ಲವೆಂದು ಕಂಡೊಡನೆ ತಿಳಿಯುತ್ತದೆ. 1944ರಲ್ಲಿ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಕ್ಯಾಲಿಫೋರ್ನಿಯಾದ ಮರುಭೂಮಿಯ ಹಲ್ಲಿ ಹಾವುಗಳ ಮೈತಾಪವನ್ನು ಅಳೆದು ಪ್ರಕಟಿಸಿದ ಬರಹದಿಂದ ಈ ತಿಳಿವಳಿಕೆ ಗಟ್ಟಿಯಾಯಿತು: ಸುತ್ತಲಿನ ಗಾಳಿ ಹೇಗಿರುತ್ತದೋ ಮೈಯೂ ಹಾಗೇ ಇರುವುದಿಲ್ಲ, ಹಲ್ಲಿ ಬಿಸಿಲಿಗೆ ಬಂದು, ನೆರಳಿಗೆ ಸರಿದು, ಮೈಯನ್ನು ಚಪ್ಪಟೆ ಮಾಡಿ, ಸೂರ್ಯನಿಗೆ ಅಡ್ಡಲಾಗಿ ತಿರುಗಿ, ತನಗೆ ಬೇಕಾದ ತಾಪವನ್ನು ಹಗಲಿಡೀ ಸಣ್ಣ ಅಂತರದೊಳಗೆ ಕಾಯ್ದುಕೊಳ್ಳುತ್ತದೆ. ಗಡ್ಡದ ಓತಿಗೆ ಆ ತಾಪ ಸುಮಾರು 35 ಡಿಗ್ರಿ. ನಮ್ಮ ದೇಹದೊಳಗೆ ತಾನಾಗಿ ನಡೆಯುವುದನ್ನು ಅದು ಕಾಲಿನಿಂದ ನಡೆದು ಸಾಧಿಸುತ್ತದೆ. ಆದ್ದರಿಂದ ನಡೆದು ಹೋಗಲು ಬಿಸಿ ಜಾಗವೂ ತಂಪು ಜಾಗವೂ ಇಲ್ಲದ ಪೆಟ್ಟಿಗೆಯಲ್ಲಿಟ್ಟರೆ, ಅದರ ದೇಹದ ಒಂದು ಅಂಗವನ್ನೇ ಕಿತ್ತುಕೊಂಡಂತೆ.

ಇದಕ್ಕೆ ಸಂಬಂಧಿಸಿದ ಇನ್ನೊಂದು ಪ್ರಯೋಗವನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಮರುಭೂಮಿಯ ಇಗುವಾನಗಳಿಗೆ ಬ್ಯಾಕ್ಟೀರಿಯಾ ಚುಚ್ಚಿ ನೋಡಿದರು. ಚುಚ್ಚಿಸಿಕೊಂಡ ಹಲ್ಲಿಗಳು ತಾವಾಗಿ ಹೆಚ್ಚು ಬಿಸಿಯಾದ ಜಾಗಕ್ಕೆ ಹೋಗಿ ಕೂತು, ಎರಡು ಡಿಗ್ರಿಯಷ್ಟು ಮೈ ಏರಿಸಿಕೊಂಡವು. ಅಂದರೆ ಅವು ಜ್ವರವನ್ನು ನಡೆದು ಹೋಗಿ ತಂದುಕೊಂಡವು. 1975ರಲ್ಲಿ ಪ್ರಕಟವಾದ ಮುಂದಿನ ಹಂತದಲ್ಲಿ, ಸೋಂಕು ತಗುಲಿಸಿ ಬೇರೆ ಬೇರೆ ತಾಪಗಳಲ್ಲಿ ಕೂಡಿಟ್ಟ ಹಲ್ಲಿಗಳ ಪೈಕಿ ಬಿಸಿಯಲ್ಲಿದ್ದವು ಹೆಚ್ಚು ಬದುಕಿದವು, ತಂಪಿನಲ್ಲಿದ್ದವು ಹೆಚ್ಚು ಸತ್ತವು. ಕೆಂಚ ಮೂರು ವರ್ಷ 27 ಡಿಗ್ರಿಯಲ್ಲಿ ಕೂತಿದ್ದ. ಆ ಮೂರು ವರ್ಷಗಳಲ್ಲಿ ಅವನಿಗೆ ಏನೇ ಆಗಿದ್ದರೂ ಜ್ವರ ತಂದುಕೊಳ್ಳಲು ಹೋಗುವ ಜಾಗವೇ ಇರಲಿಲ್ಲ. ಹುಳು ನುಂಗಿದರೂ ಅದನ್ನು ಅರಗಿಸುವಷ್ಟು ಬೆಂಕಿ ಹೊಟ್ಟೆಯಲ್ಲಿರಲಿಲ್ಲ. (ಬರೆಯುತ್ತ ಬರೆಯುತ್ತ "ಅದು" ಎನ್ನುತ್ತಿದ್ದ ಕೆಂಚ "ಅವನು" ಆದದ್ದನ್ನು ಓದುಗರು ಕ್ಷಮಿಸಬೇಕು, ಮನೆಯಲ್ಲಿ ಯಾರೂ ಅವನನ್ನು ಬೇರೆ ರೀತಿ ಕರೆಯುವುದಿಲ್ಲ.)

ಹಳೆಯ ತೊಟ್ಟಿಯನ್ನು ತೆಗೆದು, ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಮರದ ಪೆಟ್ಟಿಗೆಯನ್ನು ತಂದೆವು. ಮುಂಭಾಗಕ್ಕಷ್ಟೇ ಸರಿಯುವ ಗಾಜು. ಮರ ಕಾವನ್ನು ಹಿಡಿದಿಡುತ್ತದೆ, ಗಾಜು ನಾಲ್ಕೂ ಕಡೆಯಿಂದ ಬಿಟ್ಟುಕೊಡುತ್ತದೆ. ಉದ್ದ ಏಕೆ ಬೇಕೆಂದರೆ, ಒಂದು ತುದಿಯಲ್ಲಿ ಬೆಂಕಿಯಂಥ ಬಿಸಿಯಿದ್ದೂ ಇನ್ನೊಂದು ತುದಿ ತಣ್ಣಗಿರಲು ಅಷ್ಟಾದರೂ ದೂರ ಬೇಕು. ಬಲತುದಿಯಲ್ಲಿ ಮೇಲಿನಿಂದ ಒಂದು 75 ವ್ಯಾಟ್ ಹ್ಯಾಲೊಜೆನ್ ದೀಪ, ಅದರ ಕೆಳಗೆ ಒಂದು ಅಗಲವಾದ ಸ್ಲೇಟ್ ಕಲ್ಲು. ಹ್ಯಾಲೊಜೆನ್ ಅನ್ನೇ ಆರಿಸಿದ್ದಕ್ಕೆ ಕಾರಣವಿದೆ. ಕಾವೆಲ್ಲ ಒಂದೇ ಬಗೆಯದಲ್ಲ. ಬೆಳಕಿಲ್ಲದೆ ಕಾವು ಮಾತ್ರ ಕೊಡುವ ಸೆರಾಮಿಕ್ ಬಲ್ಬು ಹೊಮ್ಮಿಸುವುದು ಉದ್ದ ತರಂಗಾಂತರದ ಅವಕೆಂಪು ಕಿರಣ. ಅದು ಚರ್ಮದ ಮೇಲ್ಪದರದಲ್ಲೇ ಇಂಗಿ, ಮೇಲ್ಮೈಯನ್ನು ಸುಡುವಷ್ಟು ಬಿಸಿಮಾಡಿದರೂ ಆಳಕ್ಕೆ ಇಳಿಯುವುದು ಕಡಿಮೆ. ಸೂರ್ಯನ ಬಿಸಿಲಿನಲ್ಲಿಯೂ ಹ್ಯಾಲೊಜೆನ್‌ನಲ್ಲಿಯೂ ಹೇರಳವಾಗಿರುವ ಗಿಡ್ಡ ತರಂಗಾಂತರದ ಅವಕೆಂಪು ಕಿರಣ ಚರ್ಮವನ್ನು ದಾಟಿ ಸ್ನಾಯುವಿನ ತನಕ ಹೋಗುತ್ತದೆ. ಮಾಗಿಯ ಚಳಿಯಲ್ಲಿ ಜಗಲಿಯ ಬಿಸಿಲಿಗೆ ಬೆನ್ನು ಕೊಟ್ಟು ಕೂತ ಸುಖಕ್ಕೂ ಬಿಸಿನೀರಿನ ಚೀಲ ಒತ್ತಿಕೊಂಡ ಸುಖಕ್ಕೂ ಇರುವ ವ್ಯತ್ಯಾಸ ಅದು.

ತಾಪ ಅಳೆಯುವುದರಲ್ಲಿ ನಾನು ಮೊದಲು ಮಾಡಿದ ತಪ್ಪನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ಹೊಸಬರೆಲ್ಲರೂ ಮಾಡುತ್ತಾರೆ. ಗೋಡೆಗೆ ಅಂಟಿಸಿದ ಮಾಪಕ ಗೋಡೆಯ ತಾಪವನ್ನು ಹೇಳುತ್ತದೆಯೇ ಹೊರತು ಕಲ್ಲಿನದನ್ನಲ್ಲ. ಓತಿಕ್ಯಾತನಿಗೆ ಬೇಲಿ ಸಾಕ್ಷಿ, ಬೇಲಿಗೆ ಓತಿಕ್ಯಾತ ಸಾಕ್ಷಿ ಎಂಬ ಗಾದೆಯಂತೆ, ದೀಪದ ಡಬ್ಬದ ಮೇಲಿನ ಅಂಕಿಯನ್ನು ಮಾಪಕವೂ ಮಾಪಕದ ಮುಳ್ಳನ್ನು ಡಬ್ಬವೂ ಸಮರ್ಥಿಸಿಕೊಂಡು ಕೂತಿದ್ದವು. ನಡುವೆ ಪ್ರಾಣಿ ಸೊರಗುತ್ತಿತ್ತು. ಹೊರಗಿನ ಸಾಕ್ಷಿ ಬೇಕೆಂದು ನಾನು ಎರಡು ವಸ್ತು ಕೊಂಡೆ. ಒಂದು, ಅಡುಗೆಯವರೂ ಮೆಕ್ಯಾನಿಕ್‌ಗಳೂ ಬಳಸುವ, ಬಂದೂಕಿನಂತೆ ಗುರಿಯಿಟ್ಟು ಮೇಲ್ಮೈಯ ತಾಪ ಓದುವ ಅವಕೆಂಪು ಮಾಪಕ. ಇನ್ನೊಂದು, ತಂತಿಯ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಮಾಪಕ, ಗಾಳಿಯ ತಾಪಕ್ಕೆ. ಮೊದಲ ದಿನ ಕಲ್ಲು 53 ಡಿಗ್ರಿ ತೋರಿಸಿತು! ಕೂಡಲೇ ದೀಪ ಆರಿಸಿ, ಎತ್ತರ ಬದಲಿಸಿ, ಬೆಳಕನ್ನು ಮಂದಗೊಳಿಸುವ ಥರ್ಮೋಸ್ಟಾಟ್ ಜೋಡಿಸಿ, ಮೂರು ದಿನ ಪ್ರಾಣಿಯಿಲ್ಲದ ಪೆಟ್ಟಿಗೆಯನ್ನು ಗಂಟೆಗೊಮ್ಮೆ ಅಳೆದು ಚೀಟಿಯಲ್ಲಿ ಬರೆದೆವು. ಕೊನೆಗೆ ಕಲ್ಲಿನ ಮೇಲ್ಮೈ 40ರ ಆಸುಪಾಸು, ಎಡತುದಿಯ ಗಾಳಿ 24 ಎಂದು ನೆಲೆ ನಿಂತಿತು. ರಾತ್ರಿ ಎಲ್ಲ ದೀಪಗಳೂ ಆರುತ್ತವೆ. ಮನೆಯ ತಾಪ 18ಕ್ಕೆ ಇಳಿದರೂ ಚಿಂತೆಯಿಲ್ಲ, ಒಣನಾಡಿನ ರಾತ್ರಿ ತಂಪಾಗಿಯೇ ಇರುತ್ತದೆ.

ಕೆಂಪು ಬಲ್ಬನ್ನು ಅಂದೇ ಕಸಕ್ಕೆ ಹಾಕಿದೆ. ಹಲ್ಲಿಗೆ ಕೆಂಪು ಕಾಣುವುದಿಲ್ಲ, ಆದ್ದರಿಂದ ರಾತ್ರಿಯಿಡೀ ಉರಿಸಬಹುದು ಎಂಬ ಮಾತು ಸುಳ್ಳು. ಹಗಲಿನಲ್ಲಿ ಎಚ್ಚರವಿರುವ ಈ ಹಲ್ಲಿಗಳಿಗೆ ನಮಗಿಂತ ಹೆಚ್ಚು ಬಣ್ಣ ಕಾಣುತ್ತದೆ. ನಮಗೆ ಕಾಣದ, ಯುವಿಎ ಎಂಬ ನೇರಳಾತೀತ ಕಿರಣವೂ ಅವಕ್ಕೆ ಒಂದು ಬಣ್ಣವೇ. ಸಾಲದ್ದಕ್ಕೆ ನೆತ್ತಿಯ ಮೇಲೆ ಅಕ್ಕಿಕಾಳಿಗಿಂತ ಚಿಕ್ಕದಾದ ಮೂರನೆಯ ಕಣ್ಣೊಂದಿದೆ. ಅದು ಚಿತ್ರ ಕಾಣದು, ಆದರೆ ಬೆಳಕು ಎಷ್ಟಿದೆ, ಹಗಲು ಎಷ್ಟು ಉದ್ದ ಎಂಬುದನ್ನು ಮಿದುಳಿಗೆ ತಿಳಿಸುತ್ತದೆ. ಅಂಥ ಪ್ರಾಣಿಯನ್ನು ಕೊನೆಯಿಲ್ಲದ ಕೆಂಪು ಸಂಜೆಯಲ್ಲಿ ಮೂರು ವರ್ಷ ಇಡಲಾಗಿತ್ತು. ಬಿಸಿಚಾಪೆಯನ್ನೂ ತೆಗೆದೆ. ಸೂರ್ಯನ ಕಾವು ಮೇಲಿನಿಂದ ಬರುವುದಾದ್ದರಿಂದ ಹಲ್ಲಿಯ ಬೆನ್ನಿಗೆ ಗೊತ್ತಾಗುವ ಅಪಾಯ ಹೊಟ್ಟೆಗೆ ಗೊತ್ತಾಗುವುದಿಲ್ಲ. ಒಳಗೆ ತಂತಿಯಿಟ್ಟು ಕಾಯಿಸುವ ನಕಲಿ ಕಲ್ಲುಗಳ ಮೇಲೆ ಕೂತು ಹೊಟ್ಟೆ ಸುಟ್ಟುಕೊಂಡ ಹಲ್ಲಿ ಹಾವುಗಳನ್ನು ನಮ್ಮ ವೈದ್ಯೆ ಎಷ್ಟೋ ಬಾರಿ ನೋಡಿದ್ದಾರೆ. ಅಂಥ ಕಲ್ಲುಗಳನ್ನು ಮಾರುವುದೇ ತಪ್ಪು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಉಳಿದದ್ದು ಯುವಿಬಿ. ಕಾವನ್ನು ಕೈಯೊಡ್ಡಿ ಅಂದಾಜಿಸಬಹುದು, ಈ ಬೆಳಕನ್ನು ಯಾವ ಇಂದ್ರಿಯದಿಂದಲೂ ಅಂದಾಜಿಸಲಾಗದು. ಹಳೆಯ ತೊಟ್ಟಿಯ ದೀಪ ಕಣ್ಣಿಗೆ ಬೆಳ್ಳಗೆ, ಸೊಗಸಾಗಿ ಉರಿಯುತ್ತಿತ್ತು. ಆದರೆ ಸಾಮಾನ್ಯ ಗಾಜು ಯುವಿಬಿಯನ್ನು ಒಳಗೆ ಬಿಡುವುದಿಲ್ಲ, ಆದ್ದರಿಂದ ಕೆಂಚನಿಗೆ ತಲುಪುತ್ತಿದ್ದುದು ಬರಿಯ ಬಿಳಿಯ ಬೆಳಕು. ಲೋಹದ ಬಲೆಯೂ ಒಂದು ಪಾಲನ್ನು ತಿಂದುಹಾಕುತ್ತದೆ. ದೂರ ಹೆಚ್ಚಿದಂತೆ ಬೆಳಕು ಬೇಗ ಕ್ಷೀಣಿಸುತ್ತದೆ. ಎಲ್ಲಕ್ಕಿಂತ ಮೋಸದ ಸಂಗತಿಯೆಂದರೆ, ಟ್ಯೂಬು ಹಳತಾದಂತೆ ಅದರ ಯುವಿಬಿ ಸದ್ದಿಲ್ಲದೆ ಕುಗ್ಗುತ್ತ ಹೋದರೂ ಬೆಳಗುವುದು ಮಾತ್ರ ನಿಲ್ಲುವುದಿಲ್ಲ. ದೀಪ ಉರಿಯುತ್ತಿದೆ ಎಂಬುದೇ ಸಾಕ್ಷಿಯಲ್ಲ.

ಹಾಗಾದರೆ ಎಷ್ಟು ಬೇಕು? ಗ್ಯಾರಿ ಫರ್ಗುಸನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೊಂದು ಅಳತೆಗೋಲು ಕೊಟ್ಟಿತು. ಅವರು ಕಾಡಿನಲ್ಲಿ ಹಲ್ಲಿ ಹಾವುಗಳು ಕಂಡ ಜಾಗದಲ್ಲೇ ಹೋಗಿ, ಅವು ತಾವಾಗಿ ಎಷ್ಟು ಬಿಸಿಲಿಗೆ ಮೈಯೊಡ್ಡಿದ್ದವೆಂದು ಯುವಿ ಸೂಚ್ಯಂಕದ ಲೆಕ್ಕದಲ್ಲಿ ಅಳೆದರು. ಹವಾಮಾನ ವರದಿಯಲ್ಲಿ ಕೇಳುವ ಸೂಚ್ಯಂಕವೇ ಅದು. ನೆರಳಿನಲ್ಲಿ ಅಡಗುವ ಇಲ್ಲವೇ ಮುಸ್ಸಂಜೆಯಲ್ಲಿ ತಿರುಗುವವು, ಹೊತ್ತು ಹೊತ್ತಿಗೆ ಬಿಸಿಲು ಕಾಯಿಸುವವು, ಬಯಲು ಬಿಸಿಲಿನಲ್ಲಿ ಬಿಸಿಲು ಕಾಯಿಸುವವು, ನಡುಹಗಲ ಬಿಸಿಲಿನವು ಎಂಬಂತೆ ನಾಲ್ಕು ವಲಯಗಳು ಮೂಡಿದವು. ಗಡ್ಡದ ಓತಿ ಹೆಚ್ಚು ಬಿಸಿಲು ಬಯಸುವ ವಲಯಗಳತ್ತ ಸೇರಿದ್ದು. ಅದು ಕೂರುವ ಕಲ್ಲಿನ ಮೇಲೆ ಸೂಚ್ಯಂಕ 3ರಿಂದ 5ರ ನಡುವೆ ಇದ್ದು, ಅಲ್ಲಿಂದ ಇಳಿಯುತ್ತ ನೆರಳಿನಲ್ಲಿ ಸೊನ್ನೆಯಾಗುವಂತಿರಬೇಕು. ಪೆಟ್ಟಿಗೆಯ ಚಾವಣಿಗೆ 39 ವ್ಯಾಟಿನ ಉದ್ದನೆಯ ಟ್ಯೂಬೊಂದನ್ನು ಹ್ಯಾಲೊಜೆನ್‌ನ ಪಕ್ಕದಲ್ಲಿಯೇ, ನಡುವೆ ಬಲೆಯಾಗಲಿ ಗಾಜಾಗಲಿ ಇಲ್ಲದಂತೆ ಜೋಡಿಸಿದೆವು. ಪಕ್ಕದ ಗೋಡೆಗೆ ಹಾಕಿದ್ದರೆ ಬೆಳಕು ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಮೇಲಿನಿಂದ ಬಂದರೆ ಹುಬ್ಬಿನ ಏಣು ಕಣ್ಣಿಗೆ ನೆರಳು ಕೊಡುತ್ತದೆ. ಸೂಚ್ಯಂಕ ಅಳೆಯುವ ಸೋಲಾರ್‌ಮೀಟರ್ ನನ್ನ ಜೇಬಿಗೆ ದುಬಾರಿಯಾದ್ದರಿಂದ, ಹಾವು ಸಾಕುವ ಸಹೋದ್ಯೋಗಿಯೊಬ್ಬರಿಂದ ವಾರಾಂತ್ಯಕ್ಕೆ ಎರವಲು ತಂದೆ. ಕಲ್ಲಿನಿಂದ ಕೆಂಚನ ಬೆನ್ನಿನ ಎತ್ತರಕ್ಕೆ ಹಿಡಿದಾಗ 4.1. ಹಳೆಯ ದೀಪವನ್ನು ಗಾಜಿನ ಮೂಲಕ ಅಳೆದಾಗ 0.0.

ಆ ಸೊನ್ನೆಯನ್ನು ನೋಡುತ್ತ ಮಗಳು ಬಹಳ ಹೊತ್ತು ಮಾತಾಡಲಿಲ್ಲ.

ಸುಧಾರಣೆ ಸಿನಿಮಾದಲ್ಲಿ ತೋರಿಸುವಂತೆ ಒಂದೇ ದಿನದಲ್ಲಿ ಆಗಲಿಲ್ಲ. ಮೊದಲ ವಾರ ಕೆಂಚ ಕಲ್ಲನ್ನು ಬಿಟ್ಟು ಕದಲಲಿಲ್ಲ, ಹಸಿದವನು ಎಲೆಯ ಮುಂದೆ ಕೂತ ಹಾಗೆ. ಬೆಳಿಗ್ಗೆ ದೀಪ ಹೊತ್ತಿದೊಡನೆ ಬಂದು, ಮೈಯನ್ನು ರೊಟ್ಟಿಯಂತೆ ಅಗಲಿಸಿ, ಕಾವು ಹೀರಲೆಂದು ಬೆನ್ನನ್ನು ಗಾಢಬಣ್ಣಕ್ಕೆ ತಿರುಗಿಸಿಕೊಳ್ಳುತ್ತಿದ್ದ. ಅರ್ಧ ಗಂಟೆಯ ಮೇಲೆ ಮೈ ಕಾದಂತೆ ಬಣ್ಣ ತಿಳಿಯಾಗುತ್ತಿತ್ತು. ಇನ್ನೂ ಕಾದರೆ ಬಾಯಿ ತೆರೆದು ಕೂರುತ್ತಿದ್ದ. ಆಮೇಲೆ ಒಂದು ದಿನ ಎದ್ದು ತಂಪು ತುದಿಗೆ ನಡೆದು ಹೋದ. ಆ ನಡಿಗೆ ನನಗೆ ಕೊಟ್ಟ ಸಮಾಧಾನವನ್ನು ಹೇಳಲಾರೆ: ಅವನಿಗೆ ಸಾಕಾಗಿತ್ತು, ಸಾಕೆಂದು ಅವನೇ ತೀರ್ಮಾನಿಸಿದ್ದ. ಊಸರವಳ್ಳಿಗಳ ಒಂದು ಜಾತಿಯ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆಹಾರದಲ್ಲಿ ಡಿ3 ಕಡಿಮೆ ಸಿಕ್ಕವು ತಾವಾಗಿ ಹೆಚ್ಚು ಹೊತ್ತು ನೇರಳಾತೀತ ಬೆಳಕಿಗೆ ಮೈಯೊಡ್ಡಿದವಂತೆ. ಪ್ರಾಣಿಗೆ ತನ್ನ ಲೆಕ್ಕ ತಿಳಿದಿದೆ. ಲೆಕ್ಕ ಹಾಕಲು ಬೇಕಾದ ಬಿಸಿಲು ನೆರಳುಗಳೆರಡನ್ನೂ ಅದರ ಕಾಲಳತೆಯೊಳಗೆ ಇಡುವುದು ನಮ್ಮ ಕೆಲಸ. ಎರಡು ತಿಂಗಳಿಗೆ ಬೆರಳ ನಡುಕ ನಿಂತಿತು. ಏಳನೆಯ ತಿಂಗಳ ಎಕ್ಸ್-ರೇಯಲ್ಲಿ ಗೆರೆಗಳು ಎಲುಬುಗಳಾಗಿದ್ದವು. ಮುಂಗಾಲಿನ ಸೊಟ್ಟು ಹಾಗೆಯೇ ಉಳಿದಿದೆ, ಇನ್ನು ಸರಿಹೋಗುವುದಿಲ್ಲ.

ಮಾರನೆಯ ವರ್ಷ ರಜೆಗೆ ಬೆಂಗಳೂರಿಗೆ ಹೋದಾಗ ಅಕ್ಕನ ಮನೆಯ ಟೀಪಾಯಿಯ ಮೇಲೆ ಗಾಜಿನ ಬೋಗುಣಿಯೊಂದರಲ್ಲಿ ಅಂಗೈಗಿಂತ ಚಿಕ್ಕ ಆಮೆ ಈಜುತ್ತಿತ್ತು. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ, ಅಮೆರಿಕ ಮೂಲದ ಸ್ಲೈಡರ್ ಆಮೆ. ಹತ್ತಿ ಕೂರಲು ಒಣ ಕಲ್ಲಿರಲಿಲ್ಲ, ದೀಪವಿರಲಿಲ್ಲ. ಚಿಪ್ಪನ್ನು ಮುಟ್ಟಿದರೆ ಉಗುರು ಇಳಿಯುವಷ್ಟು ಮೆತ್ತಗಿತ್ತು. "ಕಿಟಕಿ ಪಕ್ಕದಲ್ಲೇ ಇಟ್ಟಿದ್ದೀವಲ್ಲಪ್ಪ, ಬೆಳಗಿನ ಬಿಸಿಲು ಪೂರ್ತಿ ಬೀಳತ್ತೆ" ಎಂದರು ಭಾವ. "ಭಾವ, ಗಾಜು ಮುಚ್ಚಿದ ಕಿಟಕಿಯಿಂದ ಬರೋದು ಬೆಳಕು ಮಾತ್ರ, ಅದಕ್ಕೆ ಬೇಕಾದ ಕಿರಣ ಹೊರಗೇ ನಿಂತುಬಿಡತ್ತೆ" ಎಂದು ನಾನು ವಿವರಿಸಿದೆ. ಬೆಂಗಳೂರಿನಲ್ಲಿ ಸೂರ್ಯ ಪುಕ್ಕಟೆ. ಲೀಡ್ಸ್‌ನಲ್ಲಿ ನಾನು ಟ್ಯೂಬಿಗೆ ದುಡ್ಡು ಸುರಿದು ಸೂಚ್ಯಂಕ 4 ತರಿಸಿದರೆ, ಅಲ್ಲಿ ನಡುಹಗಲಿಗೆ ತಾನಾಗಿಯೇ 10 ದಾಟುತ್ತದೆ. ಆದರೂ ಆ ಆಮೆ ಮೂಳೆ ಸವೆತದಿಂದ ಸಾಯುವ ದಾರಿಯಲ್ಲಿತ್ತು. ಹಾಗೆಂದು ಗಾಜಿನ ತೊಟ್ಟಿಯನ್ನೇ ಬಾಲ್ಕನಿಯ ಬಿಸಿಲಿಗಿಟ್ಟರೆ ಅದು ಕೆಲವೇ ನಿಮಿಷಗಳಲ್ಲಿ ಕುದಿಯುವ ಪಾತ್ರೆಯಾಗಿ ಪ್ರಾಣಿಯನ್ನು ಬೇಯಿಸುತ್ತದೆ. ನಾವು ಮಹಡಿಯ ಮೇಲೆ ಅಗಲವಾದ ಪ್ಲಾಸ್ಟಿಕ್ ಟಬ್ಬೊಂದನ್ನಿಟ್ಟು, ಅರ್ಧ ಭಾಗಕ್ಕೆ ನೆರಳಿನ ಹಲಗೆ ಹೊದಿಸಿ, ಹತ್ತಲು ಇಳಿಜಾರಾದ ಕಲ್ಲಿಟ್ಟು, ಹದ್ದು ಕಾಗೆಗಳಿಂದ ಕಾಪಾಡಲು ಅಗಲ ಕಣ್ಣಿನ ಜಾಲರಿ ಕಟ್ಟಿದೆವು. ಭಾವ ಈಗಲೂ ದಿನಾ ಬೆಳಿಗ್ಗೆ ಅದನ್ನು ಅಲ್ಲಿಗೆ ಒಯ್ಯುತ್ತಾರೆ, ಮೇಲೆಯೇ ಕೂತು ಪತ್ರಿಕೆ ಓದುತ್ತಾರೆ.

ಇದನ್ನು ಬರೆದೊಡನೆ ಒಂದು ಎಚ್ಚರಿಕೆಯನ್ನೂ ಬರೆಯದಿರಲಾರೆ. ನಮ್ಮ ನಕ್ಷತ್ರ ಆಮೆಯನ್ನಾಗಲಿ, ಉಡವನ್ನಾಗಲಿ, ನಮ್ಮ ಕಾಡಿನ ಹಾವುಗಳನ್ನಾಗಲಿ ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನೂ 2019ರಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿಸಿ ನಿಷೇಧಿಸಲಾಗಿದೆ. ಒಳ್ಳೆಯ ದೀಪ ಹಾಕಿದ ಮಾತ್ರಕ್ಕೆ ಆ ತಪ್ಪು ಒಪ್ಪಾಗದು.

ಖರ್ಚಿನ ಮಾತನ್ನು ಜನ ಕೇಳುತ್ತಾರೆ. ಟ್ಯೂಬು 39 ವ್ಯಾಟ್, ಹ್ಯಾಲೊಜೆನ್ 75, ಎರಡೂ ಹನ್ನೆರಡು ತಾಸು ಪೂರ್ಣವಾಗಿ ಉರಿದರೂ ದಿನಕ್ಕೆ ಸುಮಾರು 1.4 ಯೂನಿಟ್. 2022ರಲ್ಲಿ ಬ್ರಿಟನ್ನಿನ ವಿದ್ಯುತ್ ದರ ಗಗನಕ್ಕೇರಿದಾಗ ಆ ಲೆಕ್ಕವನ್ನು ನಾನೂ ಕೂತು ಮಾಡಿದ್ದೇನೆ, ಮನೆಯ ಹೀಟರನ್ನು ಒಂದು ಡಿಗ್ರಿ ಇಳಿಸಿದ್ದೇನೆ. ಕೆಂಚನ ಕಲ್ಲನ್ನು ಇಳಿಸಲಿಲ್ಲ. ನಮಗೆ ಸ್ವೆಟರ್ ಇದೆ. ಸ್ವೆಟರ್ ಹಾಕಿದರೆ ಅವನಿಗೆ ಬೆಚ್ಚಗಾಗುವುದಿಲ್ಲ, ಒಳಗೆ ಹುಟ್ಟುವ ಕಾವೇ ಇಲ್ಲವಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2006ರ ಪ್ರಾಣಿ ಕಲ್ಯಾಣ ಕಾಯ್ದೆ ಸಾಕಿದ ಪ್ರಾಣಿಗೆ ತಕ್ಕ ಪರಿಸರ ಒದಗಿಸುವುದನ್ನು ಸಾಕುವವರ ಕರ್ತವ್ಯವೆಂದೇ ವಿಧಿಸಿದೆ. ಪ್ರಾಣಿಯ ಬೆಲೆಗಿಂತ ಅದರ ಬಿಸಿಲಿನ ಬೆಲೆ ಹೆಚ್ಚು ಎಂಬುದನ್ನು ಕೊಳ್ಳುವ ದಿನವೇ ಹೇಳುವ ಅಂಗಡಿಗಳು ಇದ್ದರೆ, ಕೊಳ್ಳುವವರು ಕಡಿಮೆಯಾಗುತ್ತಾರೆ. ಕಡಿಮೆಯಾಗಲಿ ಎಂದೇ ನನ್ನ ಆಸೆ.

ಕಳೆದ ಜೂನಿನಲ್ಲಿ ಮೋಡವಿಲ್ಲದ ಒಂದು ಮಧ್ಯಾಹ್ನ ಕೆಂಚನನ್ನು ಹಿತ್ತಲಿಗೆ ಒಯ್ದೆವು. ಎರವಲು ತಂದ ಸೋಲಾರ್‌ಮೀಟರ್ 6 ತೋರಿಸುತ್ತಿತ್ತು. ಇಟ್ಟಿಗೆಯ ಮೇಲೆ ಇಳಿಸಿದೊಡನೆ ಅವನು ತಲೆಯನ್ನು ಒಂದು ಬದಿಗೆ ವಾಲಿಸಿ ಆಕಾಶವನ್ನು ನೋಡಿದ, ಬಣ್ಣ ಬದಲಿಸಿದ, ಮುಂಗಾಲುಗಳ ಮೇಲೆ ಮೈಯೆತ್ತಿ ನಿಂತ. ನಾವು ಪೆಟ್ಟಿಗೆಯಲ್ಲಿ ಎಷ್ಟು ಎಚ್ಚರದಿಂದ ಜೋಡಿಸಿದರೂ ಅದು ಈ ಬಿಸಿಲಲ್ಲ ಎಂಬುದು ಅವನ ನಿಲುವಿನಲ್ಲೇ ಕಾಣುತ್ತಿತ್ತು. ಹದಿನೈದು ನಿಮಿಷದ ಮೇಲೆ ತಾನಾಗಿ ಗುಲಾಬಿ ಗಿಡದ ನೆರಳಿಗೆ ಹೋಗಿ ಕೂತ.

ಅಕ್ಟೋಬರ್ ಬಂದಿದೆ. ಟ್ಯೂಬು ಇನ್ನೂ ಬೆಳ್ಳಗೆ ಉರಿಯುತ್ತಿದ್ದರೂ ಅದಕ್ಕೆ ವರ್ಷ ತುಂಬಿದ್ದರಿಂದ ನಿನ್ನೆ ಹೊಸದನ್ನು ಹಾಕಿದೆವು. ಹಾಕುವ ಮೊದಲು ಅದರ ಬಿಳಿ ತುದಿಯ ಮೇಲೆ ಮಗಳು ಮಾರ್ಕರಿನಿಂದ ತಾರೀಖು ಬರೆದಳು. ಕೆಂಚ ಕೈಗೂಸಿನಂತೆ ನನ್ನ ಎದೆಗೆ ಒರಗಿಕೊಂಡು, ದೀಪ ಹೊತ್ತುವುದನ್ನು ಕಾಯುತ್ತಿದ್ದ.